ಅರವತ್ತನಾಲ್ಕು ಮನೆಗಳ ಅರಸರು

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಕುರಿತು ಸಾಮಾನ್ಯವಾಗಿ ಕೇಳಿಬರುವ ಮಾತು ಸ್ವಲ್ಪ. ಆ ಸ್ವಲ್ಪದಲ್ಲಿಯೂ ಅರ್ಧ ದೂರು. ಕೊಡುಗೈಯವರು, ವಿನೋದಪ್ರಿಯರು, ಕೈಯಲ್ಲಿದ್ದ ರಾಜ್ಯವನ್ನು ಉಳಿಸಿಕೊಳ್ಳಲಾರದೆ ಹೋದವರು ಎನ್ನುತ್ತಾರೆ. ಕನ್ನಡ ಸಾಹಿತ್ಯ ಚರಿತ್ರೆಯನ್ನು ಪಾಠ ಹೇಳುವ ನಮ್ಮಂಥವರು ಅವರನ್ನು ಕವಿಗಳ ಆಶ್ರಯದಾತರೆಂದು ಎರಡು ವಾಕ್ಯಗಳಲ್ಲಿ ಮುಗಿಸಿ ಮುಂದಕ್ಕೆ ಹೋಗುತ್ತೇವೆ. ಅವರೊಡನೆ ನನ್ನ ಪರಿಚಯ ಬಲಿತದ್ದು ಚದುರಂಗದ ಮಣೆಯ ಮೂಲಕ.

ಕೃಷ್ಣರಾಜರು ಹುಟ್ಟಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ಎರಡು ವರ್ಷ ಕಳೆಯುವುದರೊಳಗೆ ತಂದೆ ತೀರಿಕೊಂಡರು. 1799ರ ಮೇ 4ರಂದು ಟಿಪ್ಪು ಸುಲ್ತಾನರು ಮಡಿದ ಮೇಲೆ ಇಂಗ್ಲಿಷರು ಒಡೆಯರ ವಂಶಕ್ಕೆ ಸಿಂಹಾಸನವನ್ನು ಮರಳಿಸಿದರು. ಆ ವರ್ಷದ ಜೂನ್ 30ರಂದು ಪಟ್ಟವೇರಿದ ಬಾಲಕನಿಗೆ ಐದು ವರ್ಷವಿನ್ನೂ ತುಂಬಿರಲಿಲ್ಲ. ರಾಜಮಾತೆ ಲಕ್ಷ್ಮಮ್ಮಣ್ಣಿಯವರ ಆಸರೆಯಲ್ಲಿ, ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಬೆಳೆದು, 1811ರ ವೇಳೆಗೆ ಅವರು ತಾವೇ ಅಧಿಕಾರವನ್ನು ವಹಿಸಿಕೊಂಡರು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಕೊಡುಗೆ ಹೆಚ್ಚಿತು, ಬೊಕ್ಕಸ ಕರಗಿತು. 1830ರಲ್ಲಿ ನಗರದ ರೈತರು ದಂಗೆಯೆದ್ದರು. ಅದನ್ನು ಕಾರಣವಾಗಿಟ್ಟುಕೊಂಡು ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ರಾಜ್ಯಭಾರವನ್ನು ಕಂಪನಿಯ ಕೈಗೆ ತೆಗೆದುಕೊಂಡರು. ವಿಚಾರಣಾ ಸಮಿತಿಯ ವರದಿ ಬಂದ ಮೇಲೆ ಆ ತೀರ್ಮಾನದ ವಿಷಯದಲ್ಲಿ ಅವರಿಗೇ ಶಂಕೆ ಹುಟ್ಟಿತೆಂಬುದು ಬೇರೆ ಮಾತು. ರಾಜ್ಯ ಮಾತ್ರ ಹಿಂದಿರುಗಲಿಲ್ಲ. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮಿಷನರಾಗಿ ಬೆಂಗಳೂರಿನಿಂದ ಆಳಿದರು.

ಮೂವತ್ತೇಳು ವಯಸ್ಸಿನ ಅರಸರಿಗೆ ಉಳಿದದ್ದು ಅರಮನೆ, ಜೀವನಾಂಶ, ಮತ್ತು ಇನ್ನೂ ಮೂವತ್ತೇಳು ವರ್ಷಗಳ ಆಯುಷ್ಯ. ಆ ಬಿಡುವನ್ನು ಅವರು ತುಂಬಿದ ಬಗೆ ನೋಡತಕ್ಕದ್ದು. 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಮಹಾರಾಜಾ ಕಾಲೇಜಿನ ಬೇರು ಅಲ್ಲಿದೆ. ಅವರ ಹೆಸರಿನಲ್ಲಿ ಹಲವು ಗ್ರಂಥಗಳು ಹೊರಟವು. ಇವುಗಳಲ್ಲಿ ಅರಸರ ಕೈ ಎಷ್ಟು, ಆಸ್ಥಾನದ ಪಂಡಿತರ ಕೈ ಎಷ್ಟು ಎಂಬ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ಒಂಬತ್ತು ನಿಧಿಗಳ ಶ್ರೀತತ್ತ್ವನಿಧಿಯಲ್ಲಿ ಕೊನೆಯದು ಕೌತುಕನಿಧಿ. ದೇವತೆಗಳ ಧ್ಯಾನರೂಪಗಳನ್ನೂ ಗ್ರಹಗಳನ್ನೂ ದಾಟಿ ಬಂದ ಓದುಗನಿಗೆ ಅಲ್ಲಿ ಆಟಗಳು ಎದುರಾಗುತ್ತವೆ. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೂ ಫಲಕದಾಟಗಳ ಚಿತ್ರಗಳಿವೆ. ಇವೆಲ್ಲವುಗಳ ನಡುವೆ ಅವರು ಹೆಚ್ಚಾಗಿ ಒಲಿದದ್ದು ಚದುರಂಗಕ್ಕೆ, ಚದುರಂಗದಲ್ಲಿಯೂ ಕುದುರೆಗೆ.

ಕುದುರೆಯ ಓಟವೆಂದರೆ ಇಷ್ಟು: ಒಂದು ಕುದುರೆ ತನ್ನ ಡೊಂಕುನಡೆಯಿಂದಲೇ ಅರವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಬರಬೇಕು. ಕೇಳಲು ಸುಲಭ. ಮೂಲೆಯ ಮನೆಗೆ ಬರಲು ಹೋಗಲು ಎರಡೇ ದಾರಿ. ನಡುವಿನ ಮನೆಗೆ ಎಂಟು. ಮಧ್ಯದಲ್ಲಿ ಉದಾರವಾಗಿ ಅಲೆದಾಡಿದವನಿಗೆ ಕೊನೆಯಲ್ಲಿ ಮೂಲೆಗಳು ಸಿಕ್ಕುವುದಿಲ್ಲ. ನಮ್ಮ ಅಲಂಕಾರಶಾಸ್ತ್ರಕ್ಕೆ ಇದು ಹಳೆಯ ಸಂಗತಿ. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ರುದ್ರಟನು ಅರ್ಧ ಮಣೆಯ ಮೇಲೆ ತುರಗಪದದ ಚಿತ್ರಕಾವ್ಯವನ್ನು ರಚಿಸಿದನು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಕುದುರೆಯ ನಡೆಯನ್ನು ವಿವರಿಸಿತು. ಕೃಷ್ಣರಾಜರು ಇದನ್ನು ಅಂಕಗಳಲ್ಲಿಯೂ ಹಿಡಿದರು. ಕುದುರೆ ಮುಟ್ಟಿದ ಮನೆಗಳಿಗೆ 1ರಿಂದ 64ರವರೆಗೆ ಕ್ರಮವಾಗಿ ಅಂಕ ಕೊಟ್ಟರೆ, ಪ್ರತಿಯೊಂದು ಅಡ್ಡಸಾಲಿನ ಮೊತ್ತವೂ ಪ್ರತಿಯೊಂದು ಉದ್ದಸಾಲಿನ ಮೊತ್ತವೂ 260 ಆಗುವಂಥ ಓಟಗಳು ಅವರ ಹೆಸರಿನಲ್ಲಿ ಉಳಿದಿವೆ. ಎರಡು ಕರ್ಣಗಳೂ 260 ಆಗುವ ಓಟ ಎಂಟು ಮನೆಯ ಮಣೆಯ ಮೇಲೆ ಸಾಧ್ಯವೇ ಇಲ್ಲವೆಂದು 2003ರಲ್ಲಿ ಗಣಕಯಂತ್ರಗಳ ನೆರವಿನಿಂದ ಸಿದ್ಧವಾಯಿತು. ಅಂದಮೇಲೆ ಅರಸರು ನಿಂತ ಸ್ಥಳ ಸಾಧ್ಯತೆಯ ಅಂಚಿನಲ್ಲಿಯೇ ಇತ್ತು.

ಈ ಓಟಗಳನ್ನು ಕಾಗದದ ಮೇಲೆ ಅನುಸರಿಸುವುದು ಕಣ್ಣಿಗೆ ದಣಿವು. ಆದುದರಿಂದ ನಾನು ಮನೆಯಲ್ಲಿಯೇ ಮರದ ಮಣೆಯೊಂದನ್ನು ಮಾಡಿಕೊಂಡೆ. ಭಾರತದ ಹಳೆಯ ಅಷ್ಟಾಪದದ ಮಣೆಗೆ ಬಣ್ಣಭೇದವಿರಲಿಲ್ಲ, ಬರಿಯ ಗೆರೆಗಳು. ಆದರೆ ಕುದುರೆ ಪ್ರತಿ ನೆಗೆತಕ್ಕೂ ಬಣ್ಣ ಬದಲಿಸುವುದರಿಂದ ಓಟವನ್ನು ಅರಿಯಲು ಕಪ್ಪುಬಿಳುಪಿನ ಮಣೆಯೇ ಅನುಕೂಲ. ಬೀಟೆಯ ನಾಲ್ಕು ಪಟ್ಟಿ, ಹಾಲೆಮರದ ನಾಲ್ಕು ಪಟ್ಟಿ, ಒಂದೊಂದೂ 2 ಅಂಗುಲ ಅಗಲ. ಗರಗಸ ತಿನ್ನುವ ಮರವನ್ನೂ ಎಣಿಸಿ 18 ಅಂಗುಲ ಉದ್ದ. ಒಂದು ಕಪ್ಪು ಒಂದು ಬಿಳುಪಾಗಿ ಅಂಟಿಸಿ, ರಾತ್ರಿಯೆಲ್ಲ ಬಿಗಿದಿಟ್ಟು, ಮರುದಿನ ಅಡ್ಡಲಾಗಿ 2 ಅಂಗುಲದ ಎಂಟು ಪಟ್ಟಿಗಳಾಗಿ ಕೊಯ್ಯಬೇಕು. ಅವುಗಳಲ್ಲಿ ಒಂದು ಬಿಟ್ಟು ಒಂದನ್ನು ತಿರುಗಿಸಿ ಮತ್ತೆ ಅಂಟಿಸಿದರೆ ಮಣೆ ತಾನಾಗಿ ಮೂಡುತ್ತದೆ. ಒಂದು ಪಟ್ಟಿಯಲ್ಲಿ ಕೂದಲೆಳೆಯ ವ್ಯತ್ಯಾಸ ಎಂಟನೆಯದರ ಹೊತ್ತಿಗೆ ಎಂಟು ಎಳೆಯಾಗುತ್ತದೆ. ಸುತ್ತಿನ ಚೌಕಟ್ಟನ್ನು ಬಿಗಿಯಾಗಿ ಅಂಟಿಸಕೂಡದು. ಮಳೆಗಾಲದಲ್ಲಿ ಮರ ಎಳೆಗೆ ಅಡ್ಡಲಾಗಿ ಹಿಗ್ಗುತ್ತದೆ, ಜಾಗವಿಲ್ಲದಿದ್ದರೆ ಸೀಳುತ್ತದೆ. ಮೈಸೂರಿನ ಕುಸುರಿಗರ ಹಾದಿ ಬೇರೆ: ಬೀಟೆಯ ಮೈಯನ್ನು ಕೊರೆದು ತಗ್ಗುಮಾಡಿ ಅದರೊಳಗೆ ಬೇರೆ ವಸ್ತುವನ್ನು ಕೂಡಿಸುತ್ತಾರೆ. ಹಿಂದೆ ಅದು ದಂತವಾಗಿತ್ತು. ದಂತದ ವ್ಯಾಪಾರ ನಿಷಿದ್ಧವಾದ ಮೇಲೆ ಬಣ್ಣಬಣ್ಣದ ಮರ ಮೊದಲಾದವು ಆ ಸ್ಥಾನಕ್ಕೆ ಬಂದಿವೆ.

ಕಾಯಿಗಳಿಗೆ ಹಾಲೆಮರವೇ ಸಾಕು. ಚನ್ನಪಟ್ಟಣದ ಬೊಂಬೆಗಳೂ ಅದರಿಂದಲೇ ಆಗುತ್ತವೆ. 2 ಅಂಗುಲದ ಮನೆಗೆ ರಾಜನ ಪಾದ ಒಂದೂವರೆ ಅಂಗುಲವಿರಬೇಕು. ತಿರುಗುವ ಕಾಯಿಗೆ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಕೇದಗೆಯ ಗರಿಯಿಂದ ತೀಡಿದರೆ ಹೊಳಪು. ರಾಜ, ಮಂತ್ರಿ, ಒಂಟೆ, ಆನೆ, ಕಾಲಾಳು ಎಲ್ಲವೂ ಹೀಗೆ ಕಡೆತದಿಂದ ದುಂಡಾಗಿ ಹೊರಬರುತ್ತವೆ. ಕುದುರೆ ಬರುವುದಿಲ್ಲ. ಅದರ ಪೀಠ ಮಾತ್ರ ಯಂತ್ರದ್ದು. ಕತ್ತು, ಕಿವಿ, ಕೆನ್ನೆ ಕೈಯುಳಿಯಿಂದ ಆಗಬೇಕು. ನಾಲ್ಕು ಕುದುರೆಗಳಿಗೆ ತಗಲಿದ ಹೊತ್ತು ಉಳಿದ ಇಪ್ಪತ್ತೆಂಟು ಕಾಯಿಗಳಿಗೆ ತಗಲಲಿಲ್ಲ.

ಆ ಮಣೆಯ ಮೇಲೆ ಅರಸರ ಒಂದು ಓಟವನ್ನು ಕೊನೆಯವರೆಗೆ ನಡೆಸಿದ ಮೇಲೆ, ಅವರನ್ನು ಸೋಮಾರಿಯೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ದುಂದು ನಿಜ, ನಗರದ ರೈತರ ಸಂಕಟವೂ ನಿಜ. ಅದನ್ನು ಯಾವ ಚಮತ್ಕಾರವೂ ತೊಳೆಯದು. ಆದರೆ ಒಂದು ಮನೆಯೂ ತಪ್ಪದಂತೆ, ಒಂದು ಮನೆಯೂ ಎರಡಾಗದಂತೆ ಇಷ್ಟನ್ನು ಎಣಿಸಿಟ್ಟ ಮನಸ್ಸು ವಿಲಾಸದಲ್ಲಿ ಮುಳುಗಿದ್ದ ಮನಸ್ಸಲ್ಲ. ಇದೇ ತಾಳ್ಮೆಯಿಂದ ಅವರು ರಾಜ್ಯವನ್ನು ಮರಳಿ ಕೊಡಿರೆಂದು ಗವರ್ನರ್ ಜನರಲ್ಲರಿಗೆ ಒಬ್ಬರಾದ ಮೇಲೊಬ್ಬರಿಗೆ ಬರೆದರು. ನಿರಾಕರಣೆ ಬಂದರೆ ಮತ್ತೆ ಬರೆದರು. ತಮಗೆ ಸಿಕ್ಕದೆಂದು ತೋರಿದಾಗ ವಂಶಕ್ಕಾದರೂ ಸಿಕ್ಕಲೆಂದು 1865ರಲ್ಲಿ ಎಳೆಯ ಬಾಲಕ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. 1867ರಲ್ಲಿ ಬ್ರಿಟಿಷ್ ಸರ್ಕಾರ ಆ ದತ್ತಕವನ್ನು ಒಪ್ಪಿತು. ಮರುವರ್ಷ, 1868ರ ಮಾರ್ಚ್ 27ರಂದು, ಅರಸರು ತೀರಿಕೊಂಡರು. ರಾಜ್ಯ ಚಾಮರಾಜೇಂದ್ರರ ಕೈಗೆ ಬಂದದ್ದು 1881ರಲ್ಲಿ. ಕೃಷ್ಣರಾಜರು ಬಾಳಿದ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. ಜಗನ್ಮೋಹನದ ಗೋಡೆಯ ಮೇಲಿನ ಆಟಗಳು ಉಳಿದುಕೊಂಡವು.