ಯಾರೂ ವಿಚಾರಿಸದ ಬಾಲಕ: ಚಾರ್ಲ್ಸ್ ಡಿಕನ್ಸನ ಬಾಳು

ನಮ್ಮ ಹಿರಿಯ ವಾಚಕರಲ್ಲಿ ಎಷ್ಟೋ ಮಂದಿ ಹನ್ನೆರಡು ಹದಿಮೂರರ ಪ್ರಾಯದಲ್ಲಿ ಊರು ಬಿಟ್ಟು ಬಂದು, ಹೋಟೆಲಿನ ಹಿಂಭಾಗದಲ್ಲಿ ಕಪ್ಪು ಬಸಿ ತೊಳೆಯುತ್ತ ಬಾಳನ್ನು ಆರಂಭಿಸಿದವರು. ಅಂದಿನ ದುಡಿಮೆಯ ಕಷ್ಟವನ್ನು ಅವರು ನಗುನಗುತ್ತಲೇ ಹೇಳಿಕೊಳ್ಳುವುದನ್ನು ನಾವು ಕೇಳಿದ್ದೇವೆ. ಆದರೆ ಊರಿನಿಂದ ಕಾಗದವೇ ಬಾರದೆ ಕಳೆದ ತಿಂಗಳುಗಳ ಮಾತು ಬಂದಾಗ ಅವರ ಸ್ವರ ತಗ್ಗುತ್ತದೆ. ದುಡಿಮೆಯ ನೋವು ಒಂದು. ತನ್ನವರೇ ತನ್ನನ್ನು ಕೈಬಿಟ್ಟರೆಂಬ ನೋವು ಇನ್ನೊಂದು. ಈ ಎರಡರ ಅಂತರವನ್ನು ಅರಿಯಬೇಕಾದರೆ ಆಂಗ್ಲ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನ ಜೀವನವನ್ನು ನೋಡಬೇಕು.

ಡಿಕನ್ಸನು 1812ನೆಯ ಇಸವಿ ಫೆಬ್ರವರಿ 7ರಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರಿನಲ್ಲಿ ಜನಿಸಿದನು. ತಂದೆ ಜಾನ್ ಡಿಕನ್ಸನು ನೌಕಾದಳದ ವೇತನ ಕಚೇರಿಯಲ್ಲಿ ಗುಮಾಸ್ತ. ಮಾತಿನಲ್ಲಿ ಚತುರ, ಮನಸ್ಸಿನಲ್ಲಿ ಉದಾರಿ, ಆದರೆ ಕೈಯಲ್ಲಿ ಹಣ ನಿಲ್ಲದವನು. ಎಂಟು ಮಕ್ಕಳಲ್ಲಿ ಚಾರ್ಲ್ಸ್ ಎರಡನೆಯವನು. 1822ರಲ್ಲಿ ಸಂಸಾರವು ಲಂಡನ್ನಿಗೆ ಬಂದಿತು. ಸಾಲ ಬೆಳೆಯಿತು, ಬಾಲಕನ ಓದು ನಿಂತಿತು. ಮನೆಯ ಸಾಮಾನುಗಳನ್ನು ಅಡವಿನಂಗಡಿಗೆ ಹೊತ್ತೊಯ್ಯುವ ಕೆಲಸ ಅವನ ಪಾಲಿಗೆ ಬಂದಿತು. ಅವನು ಪ್ರಾಣದಂತೆ ಪ್ರೀತಿಸಿದ್ದ ಕಥೆಯ ಪುಸ್ತಕಗಳೂ ಹಾಗೆಯೇ ಹೋದುವು. ಅದೇ ಕಾಲದಲ್ಲಿ ಅಕ್ಕ ಫ್ಯಾನಿಯು ರಾಯಲ್ ಸಂಗೀತ ಅಕಾಡೆಮಿಯಲ್ಲಿ ಕಲಿಯುತ್ತಿದ್ದಳು. ತಮ್ಮನ ವಿದ್ಯೆಯ ಯೋಚನೆ ಮಾತ್ರ ಯಾರಿಗೂ ಬರಲಿಲ್ಲ.

1824ರ ಫೆಬ್ರವರಿಯಲ್ಲಿ, ಹನ್ನೆರಡು ತುಂಬಿ ಎರಡೇ ದಿನಗಳಾಗಿದ್ದಾಗ, ಅವನನ್ನು ಬೂಟ್ ಪಾಲಿಶ್ ತಯಾರಿಸುವ ವಾರನ್ ಕಾರ್ಖಾನೆಗೆ ಕೆಲಸಕ್ಕೆ ಹಚ್ಚಿದರು. ಥೇಮ್ಸ್ ನದಿಯ ದಂಡೆಯ ಮೇಲೆ, ಇಲಿಗಳು ತುಂಬಿದ್ದ ಮುರುಕು ಕಟ್ಟಡವದು. ಪಾಲಿಶ್ ಬುಡ್ಡಿಗಳ ಬಾಯಿಗೆ ಕಾಗದ ಹೊದಿಸಿ, ದಾರ ಕಟ್ಟಿ, ಚೀಟಿ ಅಂಟಿಸುವುದು ಅವನ ಕೆಲಸ. ವಾರಕ್ಕೆ ಆರೇಳು ಶಿಲ್ಲಿಂಗ್ ಸಂಬಳ. ತಂದೆತಾಯಿಗಳು ಇದನ್ನು ದುಃಖದಿಂದಲ್ಲ, ಸಂತೋಷದಿಂದಲೇ ಒಪ್ಪಿದರೆಂಬುದು ಬಾಲಕನ ಎದೆಗೆ ನಾಟಿತು.

ಎರಡೇ ವಾರಗಳೊಳಗೆ ತಂದೆಯು ಸುಮಾರು ನಲವತ್ತು ಪೌಂಡುಗಳ ಸಾಲಕ್ಕಾಗಿ ಬಂಧಿತನಾಗಿ ಮಾರ್ಷಲ್‌ಸೀ ಎಂಬ ಸಾಲಗಾರರ ಸೆರೆಮನೆಯನ್ನು ಸೇರಿದನು. ಅಂದಿನ ಪದ್ಧತಿಯಂತೆ ಕೆಲಕಾಲದಲ್ಲೇ ತಾಯಿಯೂ ಚಿಕ್ಕ ಮಕ್ಕಳೂ ಅಲ್ಲಿಯೇ ಹೋಗಿ ನೆಲಸಿದರು. ಚಾರ್ಲ್ಸ್ ಮಾತ್ರ ಹೊರಗೆ ಬಾಡಿಗೆಯ ಕೋಣೆಯಲ್ಲಿ ಒಂಟಿಯಾದನು. ಸೆರೆಮನೆಯಲ್ಲಿದ್ದವರು ಒಟ್ಟಿಗಿದ್ದರು, ಬಿಡುಗಡೆಯಿಂದಿದ್ದವನು ಅನಾಥನಾದನು! ಭಾನುವಾರ ಅಕ್ಕನ ಜೊತೆಗೂಡಿ ಸೆರೆಮನೆಗೆ ಹೋಗುವುದೊಂದೇ ಅವನ ಸಂಸಾರಸುಖ.

ವಾರದ ಸಂಬಳವನ್ನು ದಿನಕ್ಕೊಂದರಂತೆ ಪೊಟ್ಟಣ ಕಟ್ಟಿ, ಪ್ರತಿಯೊಂದರ ಮೇಲೂ ವಾರದ ಹೆಸರು ಬರೆದಿಟ್ಟುಕೊಳ್ಳುತ್ತಿದ್ದನು. ಆದರೂ ಬೆಳಿಗ್ಗೆ ಅರ್ಧ ಬೆಲೆಗೆ ಮಾರುವ ಹಳಸಿದ ತಿಂಡಿಯನ್ನು ಕಂಡರೆ ಮನಸ್ಸು ತಡೆಯದೆ, ಮಧ್ಯಾಹ್ನದ ಊಟದ ಕಾಸು ಅಲ್ಲಿಯೇ ಕರಗುತ್ತಿತ್ತು. ಒಮ್ಮೆ ಅವನು ತನ್ನ ರೊಟ್ಟಿಯನ್ನು ಪುಸ್ತಕದಂತೆ ಕಾಗದದಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಒಳ್ಳೆಯದೊಂದು ಊಟದ ಮನೆಗೆ ನುಗ್ಗಿ, ದೊಡ್ಡ ಮನುಷ್ಯನಂತೆ ಒಂದು ಚಿಕ್ಕ ತಟ್ಟೆ ಮಾಂಸ ತರಿಸಿಕೊಂಡನು. ಬಡಿಸಿದವನು ಬೆರಗಾಗಿ ಒಳಗಿನಿಂದ ಇನ್ನೊಬ್ಬನನ್ನೂ ಕರೆತಂದು ತೋರಿಸಿದನು. ಬಾಲಕನು ಅವನಿಗೆ ಅರ್ಧ ಪೆನ್ನಿ ಭಕ್ಷೀಸು ಕೊಟ್ಟು ಎದ್ದನು. ಒಬ್ಬನೇ ಬಂದು ಕುಳಿತ ಈ ಪುಟ್ಟ ಗಿರಾಕಿ ಯಾರ ಮಗ, ಎಲ್ಲಿಯವನು ಎಂದು ಲಂಡನ್ ನಗರದಲ್ಲಿ ಕೇಳುವವರಿರಲಿಲ್ಲ.

ಕಾರ್ಖಾನೆಯಲ್ಲಿ ಬಾಬ್ ಫೇಗಿನ್ ಎಂಬ ತಬ್ಬಲಿ ಹುಡುಗನಿದ್ದನು. ಒಂದು ದಿನ ಚಾರ್ಲ್ಸನಿಗೆ ಪಕ್ಕೆ ನೋವು ಬಂದಾಗ, ಬಾಬನು ಖಾಲಿ ಬುಡ್ಡಿಗಳಲ್ಲಿ ಬಿಸಿನೀರು ತುಂಬಿ ಶಾಖ ಕೊಟ್ಟು, ಸಂಜೆ ಮನೆಯವರೆಗೆ ಬಿಟ್ಟುಬರುವೆನೆಂದು ಜೊತೆಗೆ ಹೊರಟನು. ಸೆರೆಮನೆಯ ಸುದ್ದಿ ತಿಳಿದೀತೆಂಬ ನಾಚಿಕೆಯಿಂದ ಚಾರ್ಲ್ಸನು ಯಾರದೋ ಮನೆಯ ಮೆಟ್ಟಿಲ ಬಳಿ ನಿಂತು, ಇದೇ ನನ್ನ ಮನೆಯೆಂದು ನಟಿಸಿ ಅವನನ್ನು ಬೀಳ್ಕೊಟ್ಟನು. ಕೈಬಿಡಲ್ಪಟ್ಟವನು ತನ್ನದಲ್ಲದ ತಪ್ಪಿಗೆ ತಾನೇ ನಾಚುತ್ತಾನೆ. ಹಿಡಿಯಲು ಬಂದ ಕೈಯನ್ನೂ ಕೊಡಹಿಕೊಳ್ಳುತ್ತಾನೆ. ಮುಂದೆ ಆಲಿವರ್ ಟ್ವಿಸ್ಟ್ ಕಾದಂಬರಿಯಲ್ಲಿ ಮಕ್ಕಳಿಗೆ ಕಳವು ಕಲಿಸುವ ದುಷ್ಟನಿಗೆ ಡಿಕನ್ಸನು ಇಟ್ಟ ಹೆಸರು ಇದೇ ಉಪಕಾರಿಯದು!

ಮೇ ತಿಂಗಳಲ್ಲಿ ತಂದೆಗೆ ಬಿಡುಗಡೆಯಾಯಿತು. ಆದರೂ ಮಗನ ದುಡಿಮೆ ನಿಲ್ಲಲಿಲ್ಲ. ಕೊನೆಗೆ ತಂದೆಯು ಕಾರ್ಖಾನೆಯವರೊಡನೆ ಜಗಳವಾಡಿ ಅವನನ್ನು ಬಿಡಿಸಿದನು. ತಾಯಿಯಾದರೋ ಸಂಧಾನ ಮಾಡಿ ಅವನನ್ನು ಮರಳಿ ಅಲ್ಲಿಗೇ ಕಳುಹಿಸಲು ಯತ್ನಿಸಿದಳು. ಇದನ್ನು ಅವನು ಬದುಕಿರುವ ತನಕ ಮರೆಯಲಿಲ್ಲ. ತರುವಾಯ ಆ ದಿನಗಳ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಏನೂ ನಡೆದೇ ಇಲ್ಲವೆಂಬಂತೆ ಎಲ್ಲರೂ ಮೌನವಾದರು.

ಮತ್ತೆ ಶಾಲೆಗೆ ಸೇರಿದ ಹುಡುಗನು 1827ರಲ್ಲಿ ವಕೀಲರ ಕಚೇರಿಯ ಗುಮಾಸ್ತನಾದನು. ಶೀಘ್ರಲಿಪಿಯನ್ನು ಸ್ವಂತ ಶ್ರಮದಿಂದ ಕಲಿತು ಪಾರ್ಲಿಮೆಂಟಿನ ವರದಿಗಾರನಾದನು. 1836ರಲ್ಲಿ ಆರಂಭವಾದ ಪಿಕ್ವಿಕ್ ಬರಹಗಳು ಇಪ್ಪತ್ತನಾಲ್ಕರ ತರುಣನನ್ನು ನಾಡಿಗೆಲ್ಲ ಪರಿಚಿತನನ್ನಾಗಿ ಮಾಡಿದುವು. ಆದರೂ ಆ ಹಳೆಯ ಗಾಯ ಮಾಯಲಿಲ್ಲ. ಪಾಲಿಶ್ ಬುಡ್ಡಿಯ ವಾಸನೆ ಬಂದರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದನು. ತನ್ನ ಹಿರಿಯ ಮಗ ಮಾತು ಕಲಿತ ಮೇಲೂ, ಅಂದು ನಡೆದ ಹಾದಿಯಲ್ಲಿ ಬಂದರೆ ಕಣ್ಣು ತುಂಬುತ್ತಿತ್ತು. ಅನಾಥ ಆಲಿವರ್, 1849-50ರಲ್ಲಿ ಪ್ರಕಟವಾದ ಡೇವಿಡ್ ಕಾಪರ್‌ಫೀಲ್ಡ್, ಮಾರ್ಷಲ್‌ಸೀ ಸೆರೆಯಲ್ಲೇ ಹುಟ್ಟಿದ ಪುಟ್ಟ ಡಾರಿಟ್, ಇವರೆಲ್ಲರೂ ಆ ಒಬ್ಬ ಬಾಲಕನ ಒಡಹುಟ್ಟುಗಳು. ಲೋಕವು ಇವರಿಗಾಗಿ ಅತ್ತಿತು. ಇದು ಲೇಖಕನದೇ ಕಥೆಯೆಂಬುದನ್ನು ಅವನು ತನ್ನ ಮಿತ್ರ ಜಾನ್ ಫಾರ್ಸ್ಟರನಿಗೆ ಮಾತ್ರ ತಿಳಿಸಿದ್ದನು. ಡಿಕನ್ಸನ ಮರಣಾನಂತರ ಫಾರ್ಸ್ಟರನು ಬರೆದ ಜೀವನಚರಿತ್ರೆಯಿಂದಲೇ ಅದು ಬಯಲಾಯಿತು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ನಾವು ಕೈಮುಗಿದು ಸುಮ್ಮನಾಗಬಹುದಿತ್ತು. ಆದರೆ 1858ರಲ್ಲಿ ಡಿಕನ್ಸನು ಹತ್ತು ಮಕ್ಕಳನ್ನು ಹೆತ್ತ ತನ್ನ ಪತ್ನಿ ಕ್ಯಾಥರೀನಳನ್ನು ಮನೆಯಿಂದ ದೂರ ಮಾಡಿದನು. ಅದರ ಹಿಂದಿನ ವರ್ಷ ಎಲೆನ್ ಟೆರ್ನನ್ ಎಂಬ ಹದಿನೆಂಟರ ನಟಿಯ ಪರಿಚಯ ಅವನಿಗೆ ಆಗಿತ್ತು. ಪತ್ನಿಗೆ ವರ್ಷಕ್ಕೆ ಆರುನೂರು ಪೌಂಡು ಗೊತ್ತುಮಾಡಿ, ತನ್ನ ವಾರಪತ್ರಿಕೆಯಲ್ಲಿ ಹೇಳಿಕೆಯನ್ನೂ ಅಚ್ಚುಹಾಕಿಸಿದನು. ಅವಳೊಂದಿಗೆ ಹೋದವನು ಹಿರಿಯ ಮಗನೊಬ್ಬನೇ. ಗಂಡುಮಕ್ಕಳಲ್ಲಿ ಹಲವರನ್ನು ಎಳೆಯ ಪ್ರಾಯದಲ್ಲೇ ದೂರ ಕಳುಹಿಸಿದನು: ಒಬ್ಬನನ್ನು ಹದಿಮೂರರಲ್ಲಿ ನೌಕಾದಳಕ್ಕೆ, ಇಬ್ಬರನ್ನು ಆಸ್ಟ್ರೇಲಿಯಕ್ಕೆ. ವಾಲ್ಟರನು ಹದಿನಾರನೆಯ ವಯಸ್ಸಿಗೆ, 1857ರಲ್ಲಿ, ನಮ್ಮ ದೇಶಕ್ಕೆ ಸೈನಿಕನಾಗಿ ಬಂದು, 1863ರ ಡಿಸೆಂಬರ್ 31ರಂದು ಕಲ್ಕತ್ತೆಯಲ್ಲಿ ಇಪ್ಪತ್ತೆರಡರ ತರುಣನಾಗಿಯೇ ತೀರಿಕೊಂಡನು. ಅಜ್ಜನಂತೆ ಅವನೂ ಸಾಲಗಾರನಾಗಿದ್ದನು. ಕಿರಿಯ ಮಗನನ್ನು 1868ರಲ್ಲಿ ಆಸ್ಟ್ರೇಲಿಯಕ್ಕೆ ಬೀಳ್ಕೊಡುವಾಗ ತಂದೆಯು ಬಿಕ್ಕಿ ಅತ್ತನು. ಪ್ರೀತಿ ಇರಲಿಲ್ಲವೆಂದಲ್ಲ, ತನಗೆ ಆದದ್ದನ್ನೇ ತಾನು ಮಾಡುತ್ತಿರುವೆನೆಂಬುದು ಮಾತ್ರ ಆ ಮಹಾ ಲೇಖಕನ ಕಣ್ಣಿಗೆ ಬೀಳಲಿಲ್ಲ.

1870ರ ಜೂನ್ 9ರಂದು ಡಿಕನ್ಸನು ನಿಧನನಾದನು. ವೆಸ್ಟ್‌ಮಿನ್‌ಸ್ಟರ್ ಆಬೆಯಲ್ಲಿ ಸಮಾಧಿಯ ಗೌರವ ದೊರೆಯಿತು. ಕ್ಯಾಥರೀನಳು 1879ರಲ್ಲಿ ಸಾಯುವಾಗ, ಪತಿಯು ತನಗೆ ಬರೆದಿದ್ದ ಕಾಗದಗಳ ಕಟ್ಟನ್ನು ಮಗಳ ಕೈಗಿತ್ತು, ಒಂದು ಕಾಲದಲ್ಲಿ ಅವನು ತನ್ನನ್ನು ಪ್ರೀತಿಸಿದ್ದನೆಂಬುದು ಲೋಕಕ್ಕೆ ತಿಳಿಯಲೆಂದು ಬ್ರಿಟಿಷ್ ಮ್ಯೂಸಿಯಮಿಗೆ ಒಪ್ಪಿಸಲು ಹೇಳಿದಳು.

ನಮ್ಮ ದೇಶದಲ್ಲಿ ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು 2006ರಿಂದ ನಿಷಿದ್ಧ. ಆದರೆ ವಿಚಾರಿಸದಿರುವುದನ್ನು ಯಾವ ಕಾಯಿದೆಯೂ ನಿಷೇಧಿಸಲಾರದು. ನಾವು ಹೋಟೆಲಿನ ಗಲ್ಲಾದ ಮೇಲೆ ಕುಳಿತಿದ್ದ ವರ್ಷಗಳಲ್ಲಿ ಹುಡುಗರ ಸಂಬಳವನ್ನು ತಪ್ಪದೆ ಎಣಿಸಿ ಕೊಟ್ಟೆವು. ಮನೆಯ ಸಮಾಚಾರವೇನು, ಊಟ ಸೇರುತ್ತಿದೆಯೇ ಎಂದು ಅವರಲ್ಲಿ ಎಷ್ಟು ಮಂದಿಯನ್ನು ಕೇಳಿದೆವೆಂದರೆ ಉತ್ತರ ಕೊಡಲು ನಮಗೆ ನಾಚಿಕೆಯಾಗುತ್ತದೆ. ಚಿಕ್ಕವರಿದ್ದಾಗ ಯಾರೂ ವಿಚಾರಿಸಲಿಲ್ಲವೆಂದು ಕೊರಗಿದವರೇ ಇಂದು ಮೇಲಿನ ಸ್ಥಾನದಲ್ಲಿದ್ದಾರೆ. ಈ ಹೊತ್ತು ಅಂಗಡಿ ಮುಚ್ಚುವ ಮುನ್ನ, ಹೊಸದಾಗಿ ಬಂದ ಮಾಣಿಯನ್ನು ಹತ್ತಿರ ಕರೆದು ಒಂದು ಮಾತು ಕೇಳೋಣ. ಊರಿನಲ್ಲಿ ಮಗನ ಧ್ವನಿಗೆ ಕಾದಿರುವವರಿಗೂ ಒಂದು ಕರೆ ಮಾಡೋಣ.