ಗಣಿತಾಚಾರ್ಯ ಮಹಾವೀರ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು ಮಾನ್ಯಖೇಟದಿಂದ ಆಳುತ್ತಿದ್ದ ಕಾಲವು ಕನ್ನಡ ನಾಡಿನ ವಿದ್ಯೆಗೆ ಸುಗ್ಗಿಯ ಕಾಲ. ಆಗ ಕನ್ನಡಕ್ಕೆ ಕವಿರಾಜಮಾರ್ಗ ದೊರೆಯಿತು. ಗಣಿತಕ್ಕೆ ಗಣಿತಸಾರಸಂಗ್ರಹ ದೊರೆಯಿತು. ಮೊದಲನೆಯದರ ಹೆಸರನ್ನಾದರೂ ನಮ್ಮ ವಿದ್ಯಾರ್ಥಿಗಳು ಬಲ್ಲರು. ಎರಡನೆಯದನ್ನು ಕ್ರಿ.ಶ. 850ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಹಾವೀರಾಚಾರ್ಯನನ್ನು ಬಲ್ಲವರು ವಿರಳ.

ಈತನು ಜೈನ ವಿದ್ವಾಂಸ. ಗ್ರಂಥಾರಂಭದಲ್ಲಿ ಜಿನನಿಗೆ ವಂದಿಸಿ, ದೊರೆಯನ್ನು ಕೊಂಡಾಡಿ, ತನ್ನ ತಾಯಿತಂದೆಗಳ ಹೆಸರನ್ನಾಗಲಿ ಹುಟ್ಟೂರನ್ನಾಗಲಿ ಹೇಳದೆ ಗಣಿತದ ಮಹಿಮೆಗೆ ತೊಡಗುತ್ತಾನೆ. ಅಡುಗೆ, ವೈದ್ಯ, ಸಂಗೀತ, ನಾಟಕ, ವಾಸ್ತು ಇವೆಲ್ಲವೂ ಲೆಕ್ಕವನ್ನು ಅವಲಂಬಿಸಿವೆಯೆಂಬುದು ಅವನ ನಿಲುವು. ಆರ್ಯಭಟ, ಬ್ರಹ್ಮಗುಪ್ತರಲ್ಲಿ ಗಣಿತವು ಜ್ಯೋತಿಷದ ಒಂದು ಅಂಗ. ಮಹಾವೀರನು ಅದಕ್ಕೆ ಸ್ವತಂತ್ರ ಗ್ರಂಥವನ್ನೇ ಮೀಸಲಿಟ್ಟನು.

ಅವನ ನಿಜವಾದ ಹಿರಿಮೆ ಬೋಧನೆಯ ಕ್ರಮದಲ್ಲಿದೆ. ಸೂತ್ರವೊಂದನ್ನು ಹೇಳಿದೊಡನೆ ಉದ್ದೇಶಕ, ಎಂದರೆ ಬಿಡಿಸಬೇಕಾದ ಸಮಸ್ಯೆ, ಎದುರಿಗೆ ನಿಲ್ಲುತ್ತದೆ. ಒಂಟೆಗಳ ಹಿಂಡಿನಲ್ಲಿ ಕಾಲುಭಾಗ ಕಾಡಿನಲ್ಲಿ ಕಂಡಿತು, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋಯಿತು, ಹದಿನೈದು ನದಿಯ ದಂಡೆಯಲ್ಲಿ ಉಳಿದವು, ಹಿಂಡು ಎಷ್ಟು? ಬಾಲಕನು ಮೊದಲು ಒಂಟೆಗಳನ್ನು ಕಾಣುತ್ತಾನೆ, ಆಮೇಲೆ ವರ್ಗಮೂಲವನ್ನು. ಉತ್ತರ 36 ಎಂದು ತಿಳಿದಾಗ ಒಂಬತ್ತು, ಹನ್ನೆರಡು, ಹದಿನೈದನ್ನು ಕೂಡಿಸಿ ತಾನೇ ತಾಳೆ ನೋಡಬಲ್ಲನು. ಗುರುವಿನ ಮುಖ ನೋಡಬೇಕಾಗಿಲ್ಲ. ಉಪ್ಪು, ಹುಳಿ, ಖಾರ, ಕಹಿ, ಒಗರು, ಸಿಹಿ ಎಂಬ ಆರು ರಸಗಳನ್ನು ಒಂದೊಂದಾಗಿಯೂ ಬೆರೆಸಿಯೂ ಎಷ್ಟು ಬಗೆಯ ರುಚಿಯಾದೀತೆಂದು ಕೇಳಿ, ವಿಕಲ್ಪಗಣಿತವನ್ನೇ ಕಲಿಸಿಬಿಡುತ್ತಾನೆ. ರುಚಿಗಳು 63. ಸೂತ್ರವನ್ನು ಉರುಹೊಡೆಸಿ, ಅದರ ಉಪಯೋಗವನ್ನು ಪರೀಕ್ಷೆಯ ದಿನಕ್ಕೆ ಬಿಡುವ ಪದ್ಧತಿಯಲ್ಲಿ ಮಕ್ಕಳಿಗೆ ಲೆಕ್ಕವೆಂದರೆ ಜ್ವರ ಬರುವುದು ಆಶ್ಚರ್ಯವಲ್ಲ.

ಬಾವಿ ಹಳ್ಳಗಳನ್ನು ತೋಡುವ ಖಾತವ್ಯವಹಾರಕ್ಕೂ ಅಲ್ಲೊಂದು ಅಧ್ಯಾಯವಿದೆ. ಹಂಪೆಯ ಅರಮನೆಯ ಆವರಣದ ಮೆಟ್ಟಿಲು ಪುಷ್ಕರಣಿಯ ಕಲ್ಲುಗಳಲ್ಲಿ, ಯಾವ ಕಲ್ಲು ಯಾವ ದಿಕ್ಕಿನ ಯಾವ ಸಾಲಿನಲ್ಲಿ ಕೂರಬೇಕೆಂಬ ಗುರುತುಗಳನ್ನು ಕಂಡವರಿಗೆ ಇಂಥ ಲೆಕ್ಕದ ಬೆಲೆ ತಿಳಿದೀತು.

ಆಚಾರ್ಯನು ಎಡವಿದ್ದೂ ಉಂಟು. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಅಷ್ಟು ಹಿಂದೆಯೇ ಕಂಡುಕೊಂಡವನು, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದು ಬರೆದನು. ಇದು ತಪ್ಪು. ಇದರಿಂದ ಗ್ರಂಥದ ಗೌರವವೇನೂ ಕುಂದಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ರಚಿಸಿ, ಸಂಸ್ಕೃತವರಿಯದ ಹುಡುಗನಿಗೂ ಲೆಕ್ಕದ ಬಾಗಿಲನ್ನು ತೆರೆದನು. ಮಹಾವೀರನ ಮೂಲಗ್ರಂಥವು ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಕನ್ನಡ ಅನುವಾದದೊಡನೆ ಹೊಂಬುಜದಿಂದ ಹೊರಬಂದದ್ದು 2000ದಲ್ಲಿ.