ಕಡಲನ್ನು ಮನೆಗೆ ತಂದ ಫಿಲಿಪ್ ಗಾಸ್

ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡವರು ಇಂದು ಹಳೆಯ ತೊಟ್ಟಿಯಿಂದ ತೆಗೆದು ಒಣಗಿಸಿಟ್ಟ ಕಲ್ಲನ್ನೇ ತೊಳೆದು ಮತ್ತೆ ಬಳಸುವುದುಂಟು. ಕಡಲಿನಿಂದ ಹೊಸದಾಗಿ ಕಲ್ಲು ಕೀಳುವುದು ಇದರಿಂದ ತಪ್ಪುತ್ತದೆ. ಜೀವವಿರುವ ಕಲ್ಲನ್ನು ಉಳಿಯಿಂದ ಕಿತ್ತು ಮನೆಗೆ ತರುವುದನ್ನು ಒಂದು ಇಡೀ ಪೀಳಿಗೆಗೆ ಕಲಿಸಿದವರಲ್ಲಿ ಪ್ರಮುಖ ಇಂಗ್ಲೆಂಡಿನ ನಿಸರ್ಗ ವಿಜ್ಞಾನಿ ಫಿಲಿಪ್ ಹೆನ್ರಿ ಗಾಸ್.

ಗಾಸ್ ಜನಿಸಿದ್ದು 1810ರ ಏಪ್ರಿಲ್ 6ರಂದು, ವೂಸ್ಟರ್‌ನಲ್ಲಿ. ತಂದೆ ಊರೂರು ಅಲೆದು ಕಿರುಚಿತ್ರ ಬರೆಯುತ್ತಿದ್ದ ಕಲಾವಿದ. ಪೂಲ್ ಎಂಬ ಬಂದರು ಪಟ್ಟಣದಲ್ಲಿ ಬೆಳೆದ ಹುಡುಗ 1827ರಲ್ಲಿ ಗುಮಾಸ್ತನಾಗಿ ನ್ಯೂಫೌಂಡ್‌ಲೆಂಡಿಗೆ ಹೊರಟ. ಮುಂದೆ ಕೆನಡಾದಲ್ಲಿ ಕೈಹಿಡಿದ ಬೇಸಾಯ ಕೈಗೂಡಲಿಲ್ಲ. ಅಲಬಾಮಾದಲ್ಲಿ ಕೆಲಕಾಲ ಉಪಾಧ್ಯಾಯನಾದ. ಕೀಟಗಳ ಹುಚ್ಚು ಮಾತ್ರ ಬಿಡಲಿಲ್ಲ. 1844ರಿಂದ 46ರವರೆಗೆ ಜಮೈಕಾದಲ್ಲಿದ್ದು ಅಲ್ಲಿನ ಹಕ್ಕಿಗಳ ಕುರಿತು ಬರೆದ ಗ್ರಂಥ ಹೆಸರು ತಂದಿತು.

1852ರಲ್ಲಿ ಆರೋಗ್ಯ ಕೆಟ್ಟು ಡೆವನ್ ಕರಾವಳಿಗೆ ಬಂದದ್ದೇ ಬದುಕಿನ ತಿರುವು. ಪಾತ್ರೆಯಲ್ಲಿಟ್ಟ ಸಮುದ್ರದ ನೀರು ಕೆಲವೇ ದಿನಗಳಲ್ಲಿ ಕೊಳೆತು ಪ್ರಾಣಿಗಳು ಸಾಯುತ್ತಿದ್ದವು. ಸಸ್ಯ ಜೊತೆಗಿದ್ದರೆ ಸಿಹಿನೀರು ಕೆಡುವುದಿಲ್ಲವೆಂದು ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ 1850ರ ವೇಳೆಗೆ ತೋರಿಸಿದ್ದ. ಉಪ್ಪುನೀರಿನಲ್ಲಿ ಇದನ್ನು ಸಾಧಿಸಲು ತೊಡಕೊಂದಿತ್ತು. ಕಡಲಕಳೆಗೆ ಬೇರಿಲ್ಲ, ಅದು ಬಂಡೆಗೆ ಅಂಟಿಕೊಂಡೇ ಬಾಳುತ್ತದೆ, ಕಿತ್ತರೆ ಕೊಳೆಯುತ್ತದೆ. ಆದ್ದರಿಂದ ಗಾಸ್ ಸುತ್ತಿಗೆ, ಉಳಿ ಹಿಡಿದು ಕಳೆಯೊಂದಿಗೆ ಬಂಡೆಯ ಚೂರನ್ನೂ ಒಡೆದು ತಂದ.

ಉಪಾಯ ಫಲಿಸಿತು. ಗಾಸ್ ಅದರ ಶ್ರೇಯವನ್ನೆಲ್ಲ ಸಸ್ಯಕ್ಕೇ ಕೊಟ್ಟಿದ್ದು ಸಹಜ. ಕಲ್ಲಿನ ಮೇಲೂ ಅದರ ರಂಧ್ರಗಳಲ್ಲೂ ನೆಲೆಸುವ ಬ್ಯಾಕ್ಟೀರಿಯಾಗಳು ಪ್ರಾಣಿಗಳ ಮಲಿನದಿಂದ ಹುಟ್ಟುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ಸೂಕ್ಷ್ಮಜೀವಿಗಳನ್ನು ವಿನೊಗ್ರಾಡ್‌ಸ್ಕಿ ಬೇರ್ಪಡಿಸಿ ತೋರಿಸಿದ್ದು 1890ರ ಸುಮಾರಿಗೆ, ಗಾಸ್ ಸತ್ತ ಮೇಲೆ. ಒಣಗಿದ ಕಲ್ಲನ್ನು ಇಂದು ಮತ್ತೆ ಬಳಸುವವರು ವಾರಗಟ್ಟಲೆ ಕಾಯುವುದು ಇವು ಮರಳಿ ನೆಲೆಯೂರಲೆಂದೇ. ರಂಧ್ರಗಳಲ್ಲಿ ಸತ್ತುಳಿದ ಜೀವಾಂಶವನ್ನೂ ಫಾಸ್ಫೇಟನ್ನೂ ಮೊದಲು ನೆನೆಸಿ, ತೊಳೆದು ತೆಗೆಯದಿದ್ದರೆ ತೊಟ್ಟಿ ಪಾಚಿಗಟ್ಟುತ್ತದೆ.

1853ರಲ್ಲಿ ಲಂಡನ್ ಮೃಗಾಲಯದ ಮತ್ಸ್ಯಾಗಾರ ತೆರೆಯಿತು. ಅದಕ್ಕೆ ಜೀವಿಗಳನ್ನು ಒದಗಿಸಿದವರಲ್ಲಿ ಗಾಸ್ ಕೂಡ ಒಬ್ಬ. ಮರುವರ್ಷ ಹೊರಬಂದ 'ದಿ ಅಕ್ವೇರಿಯಂ' ಆ ಪದವನ್ನೇ ಮನೆಮಾತಾಗಿಸಿತು. ಕಡಲು ದೂರವಿದ್ದವರಿಗಾಗಿ ಲವಣಗಳನ್ನು ಬೆರೆಸಿ ಕೃತಕ ಸಮುದ್ರಜಲ ಮಾಡುವ ವಿಧಾನವನ್ನೂ ಆತ ಪ್ರಕಟಿಸಿದ. ಶ್ರೀಮಂತರ ದಿವಾನಖಾನೆಗಳಲ್ಲಿ ಗಾಜಿನ ತೊಟ್ಟಿಗಳು ಕಾಣಿಸಿಕೊಂಡವು. ಜನ ಡೆವನ್ನಿನ ಬಂಡೆಗಳಿಗೆ ಮುಗಿಬಿದ್ದರು.

1857 ಕಠೋರ ವರ್ಷ. ಪತ್ನಿ ಎಮಿಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಳು. ಅದೇ ವರ್ಷ ಬರೆದ 'ಓಂಫಲೋಸ್' ಕೃತಿಯಲ್ಲಿ, ದೇವರು ಪಳೆಯುಳಿಕೆಗಳ ಸಮೇತವೇ ಜಗತ್ತನ್ನು ಸೃಷ್ಟಿಸಿದನೆಂದು ಈ ಕಟ್ಟಾ ಆಸ್ತಿಕ ವಾದಿಸಿದ. ವಿಜ್ಞಾನಿಗಳೂ ಒಪ್ಪಲಿಲ್ಲ, ಧರ್ಮಶ್ರದ್ಧೆಯುಳ್ಳವರೂ ಒಪ್ಪಲಿಲ್ಲ. ಆದರೂ 1860ರ ಹೊತ್ತಿಗೆ ಪೂರ್ಣಗೊಂಡ, ಸ್ವತಃ ಬರೆದ ವರ್ಣಚಿತ್ರಗಳಿದ್ದ ಕಡಲಹೂಗಳ ಗ್ರಂಥ ಆತನ ವಿಜ್ಞಾನವನ್ನು ಎತ್ತಿಹಿಡಿಯಿತು.

ದಡಗಳ ಗತಿಯನ್ನು ದಾಖಲಿಸಿದವನು ಮಗ ಎಡ್ಮಂಡ್. 1907ರ 'ಫಾದರ್ ಅಂಡ್ ಸನ್' ಆತ್ಮಕಥನದಲ್ಲಿ, ಬಾಲ್ಯದಲ್ಲಿ ತಾನು ಕಂಡ ಕಡಲಂಚಿನ ಕೊಳಗಳನ್ನು ಸಂಗ್ರಾಹಕರು ಬರಿದುಮಾಡಿದರೆಂದೂ, ಅದಕ್ಕೆ ತಂದೆಯ ಪುಸ್ತಕಗಳೇ ನೇರ ಕಾರಣವೆಂದೂ, ತಂದೆ ಇದನ್ನರಿತು ನೊಂದನೆಂದೂ ಬರೆದ.

ಕೊನೆಯ ವರ್ಷಗಳಲ್ಲಿ ಗಾಸ್ ಆರ್ಕಿಡ್ ಬೆಳೆಸಿದ, ನಕ್ಷತ್ರ ವೀಕ್ಷಿಸಿದ. ಡೆವನ್ನಿನ ಸೇಂಟ್ ಮೇರಿಚರ್ಚ್‌ನಲ್ಲಿ 1888ರ ಆಗಸ್ಟ್ 23ರಂದು ನಿಧನನಾದ.